ಬುಖಾರಿ ಮತ್ತು ನೂರು ಹದೀಸ್‌ಗಳ ಪರೀಕ್ಷೆ

ಇಮಾಮ್ ಬುಖಾರಿ ಹುಟ್ಟಿದ್ದು 810ರಲ್ಲಿ, ಈಗಿನ ಉಜ್ಬೇಕಿಸ್ತಾನದ ಬುಖಾರಾದಲ್ಲಿ. ತಂದೆ ಬೇಗ ತೀರಿಕೊಂಡರು. ತಾಯಿಯ ಜೊತೆ ಹಜ್‌ಗೆ ಹೋದವರು ಓದಲು ಅಲ್ಲೇ ಉಳಿದರು.

ಪ್ರವಾದಿಯವರ ನಡೆನುಡಿಯ ವರದಿಯೇ ಹದೀಸ್. ಅದನ್ನ ಯಾರು ಯಾರಿಂದ ಕೇಳಿದರು ಅನ್ನೋ ಹೆಸರುಗಳ ಸರಪಳಿ ಇಸ್ನಾದ್. ಒಂದೊಂದು ಕೊಂಡಿಯನ್ನೂ ಪರೀಕ್ಷಿಸಿ, 7,000ಕ್ಕೂ ಹೆಚ್ಚು ಹದೀಸ್‌ಗಳ ಸಹೀಹ್ ಗ್ರಂಥ ಕಟ್ಟಿದರು. 870ರಲ್ಲಿ ಸಮರ್ಕಂದ್ ಹತ್ತಿರ ತೀರಿಕೊಂಡರು.

ಅವರ ಬಗ್ಗೆ ಎಲ್ಲರೂ ಹೇಳೋ ಕಥೆ ಬಾಗ್ದಾದಿನದು. ಹತ್ತು ಜನ ಸೇರಿ 100 ಹದೀಸ್‌ಗಳ ಸರಪಳಿ ಅದಲುಬದಲು ಮಾಡಿ ಒಡ್ಡಿದರಂತೆ. ಅವರು ಅಷ್ಟನ್ನೂ ಸರಿಪಡಿಸಿದರಂತೆ. ಆದರೆ ಇದನ್ನ ದಾಖಲಿಸಿದ ಇಬ್ನ್ ಅದಿ ಹುಟ್ಟಿದ್ದೇ ಬುಖಾರಿ ತೀರಿಕೊಂಡ ಮೇಲೆ. ತಮಗೆ ಹೇಳಿದ ಹಿರಿಯರ ಹೆಸರನ್ನೂ ಅವರು ಕೊಟ್ಟಿಲ್ಲ.

ಕಥೆ ನಮಗೂ ಇಷ್ಟವೇ. ಆದರೂ ಯಾರು ಹೇಳಿದ್ದು ಅಂತ ಕೇಳದೆ ನಂಬಿದರೆ, ಬುಖಾರಿಯವರಿಂದ ನಾವು ಕಲಿತದ್ದೇನು?