ದೀಪ ಹಿಡಿದವಳು ಎಲ್ಲರಿಗೂ ಗೊತ್ತು, ಚಿತ್ರ ತೆಗೆದ ಮಾಸ್ತರ?

ಗದಗ-ಬೆಟಗೇರಿಯ ಫೋಟೊ ಫ್ರೇಮಿನ ಅಂಗಡಿಗಳಲ್ಲಿ ದೇವರ ಪಟಗಳ ನಡುವೆ ಒಂದು ಪಟ ಇದ್ದೇ ಇರುತ್ತದೆ. ಕತ್ತಲಲ್ಲಿ ಸೀರೆಯುಟ್ಟ ಹೆಣ್ಣುಮಗಳೊಬ್ಬಳು ದೀಪ ಹಿಡಿದು ನಿಂತಿದ್ದಾಳೆ. ಗಾಳಿಗೆ ಆರದಿರಲಿ ಅಂತ ಇನ್ನೊಂದು ಕೈಯನ್ನು ಅಡ್ಡ ಇಟ್ಟಿದ್ದಾಳೆ. ಬೆಳಕು ಹಾಯ್ದು ಆ ಬೆರಳುಗಳೇ ಕೆಂಪಗೆ ಹೊಳೆಯುತ್ತವೆ. ಲಕ್ಷ್ಮೇಶ್ವರದ ಅರಿವೆ ಅಂಗಡಿಯ ಗೋಡೆಯ ಮೇಲೆ, ಮುಂಡರಗಿಯ ಕಿರಾಣಿ ಅಂಗಡಿಯ ಕ್ಯಾಲೆಂಡರಿನಲ್ಲಿ, ಶಿರಹಟ್ಟಿಯ ಹಳೇ ಮನೆಯ ಪಡಸಾಲೆಯಲ್ಲಿ ಇದನ್ನೇ ನೋಡಿದ್ದೇನೆ. ಯಾರು ತೆಗೆದದ್ದು ಅಂತ ಕೇಳಿದರೆ ಎಲ್ಲ ಕಡೆಯೂ ಒಂದೇ ಉತ್ತರ, ರಾಜಾ ರವಿವರ್ಮ.

ನಾನೂ ಹಾಗೇ ನಂಬಿದ್ದೆ. ಶಾಲೆಯ ರಸಪ್ರಶ್ನೆಯಲ್ಲಿ ಅದೇ ಉತ್ತರ ಹೇಳಿ ಒಂದು ಪೆನ್ನನ್ನೂ ಗೆದ್ದಿದ್ದೆ. ಎಷ್ಟೋ ವರ್ಷದ ಮೇಲೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಮೂಲ ಚಿತ್ರದ ಮುಂದೆ ನಿಂತು ಕಲಾವಿದನ ಹೆಸರು ಓದಿದಾಗ ಮೊದಲು ನೆನಪಾದದ್ದು ಆ ಪೆನ್ನು. ಅಲ್ಲಿದ್ದ ಹೆಸರು ಎಸ್.ಎಲ್. ಹಲ್ದಂಕರ್.

ಸಾವ್ಳಾರಾಮ್ ಲಕ್ಷ್ಮಣ್ ಹಲ್ದಂಕರ್ ಹುಟ್ಟಿದ್ದು 1882ರಲ್ಲಿ, ನಮ್ಮ ಬೆಳಗಾವಿಯಿಂದ ಘಟ್ಟ ಇಳಿದರೆ ಸಿಗುವ ಸಾವಂತವಾಡಿಯಲ್ಲಿ. ಮರದ ಬಣ್ಣದ ಆಟಿಕೆಗೆ, ಕೈಯಿಂದ ಚಿತ್ರ ಬರೆದ ಗಂಜೀಫಾ ಎಲೆಗಳಿಗೆ ಹೆಸರಾದ ಸಣ್ಣ ಸಂಸ್ಥಾನ ಅದು. ಅಲ್ಲಿಂದ ಹುಡುಗ ಮುಂಬೈಗೆ ಹೋಗಿ ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದ. 1857ರಲ್ಲಿ ಶುರುವಾದ ಆ ಶಾಲೆಯಲ್ಲಿ ಆಗ ಸೆಸಿಲ್ ಬರ್ನ್ಸ್ ಮುಖ್ಯಸ್ಥರು, ಎಂ.ವಿ. ಧುರಂಧರ್ ಶಿಕ್ಷಕರು. ಎದುರಿಗೆ ಕೂತ ಮನುಷ್ಯನನ್ನು ಇದ್ದಂತೆ ನೋಡಿ, ನೆರಳು-ಬೆಳಕನ್ನು ಅಳೆದು ತೂಗಿ ಬರೆಯೋದು ಅಲ್ಲಿಯ ಪದ್ಧತಿ. ಭಾವಚಿತ್ರಕಾರನಿಗೆ ಬೇಕಾದ ವಿದ್ಯೆಯೂ ಅದೇ.

ಕಲಿತು ಹೊರಬಿದ್ದ ಭಾವಚಿತ್ರಕಾರನ ಮುಂದೆ ಆ ಕಾಲಕ್ಕೆ ಒಂದು ಸಲೀಸು ದಾರಿ ಇತ್ತು. ರಾಜರು, ಸಾಹುಕಾರರು, ನ್ಯಾಯಾಧೀಶರು ತಮ್ಮ ಚಿತ್ರ ಬರೆಸಿಕೊಳ್ಳುತ್ತಿದ್ದರು. ಕೈ ಚಲೋ ಇದ್ದವನಿಗೆ ಅಷ್ಟೇ ಸಾಕು, ಹೊಟ್ಟೆ ತುಂಬುತ್ತಿತ್ತು. ಹಲ್ದಂಕರ್ ಆ ಕೆಲಸವನ್ನೂ ಮಾಡಿದರು, ಅದರಲ್ಲಿ ಹೆಸರನ್ನೂ ಗಳಿಸಿದರು. ಆದರೆ 1908ರಲ್ಲಿ, ಇನ್ನೂ 25-26ರ ವಯಸ್ಸಿನಲ್ಲೇ, ಮುಂಬೈಯಲ್ಲಿ ಸ್ವಂತದ ಒಂದು ಕಲಾಶಾಲೆ ತೆಗೆದರು. ಹಲ್ದಂಕರ್ಸ್ ಫೈನ್ ಆರ್ಟ್ ಇನ್‌ಸ್ಟಿಟ್ಯೂಟ್ ಅಂತ ಅದರ ಹೆಸರು. ಮುಂದೆ 1918ರಲ್ಲಿ ಆರ್ಟ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದವರಲ್ಲೂ ಅವರಿದ್ದರು.

ಅವರ ಬದುಕಿನಲ್ಲಿ ನನಗೆ ದೊಡ್ಡದಾಗಿ ಕಾಣೋದು ಈ ಶಾಲೆ. ಇಡೀ ಮುಂಬೈ ಪ್ರಾಂತಕ್ಕೆ ಜೆ.ಜೆ. ಒಂದೇ ದೊಡ್ಡ ಬಾಗಿಲು. ಆ ಬಾಗಿಲು ದಾಟಲಾಗದವರಿಗೆ ಇಂಥ ಖಾಸಗಿ ಶಾಲೆಗಳೇ ಗತಿ. ಗದಗ, ಮುಂಡರಗಿ ಆಗ ಆ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದ್ದು. ಚಿತ್ರ ಕಲಿಯಬೇಕೆಂದವರ ಮುಖ ಮೈಸೂರಿನ ಕಡೆಗಿಂತ ಮುಂಬೈ ಕಡೆಗೇ ತಿರುಗುತ್ತಿತ್ತು. ಕಲಬುರಗಿಯ ಎಸ್.ಎಂ. ಪಂಡಿತರಾಗಲಿ, ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರಾಗಲಿ ಮುಂಬೈಯಲ್ಲಿ ಕಲಿತದ್ದು ಇಂಥದ್ದೇ ಇನ್ನೊಂದು ಶಾಲೆಯಲ್ಲಿ, ಜಿ.ಎಸ್. ದಂಡಾವತಿಮಠರ ನೂತನ ಕಲಾಮಂದಿರದಲ್ಲಿ. ಅದೇ ಮಾದರಿ ಆಮೇಲೆ ನಮ್ಮ ಕಡೆಗೂ ಬಂತು. ಹುಬ್ಬಳ್ಳಿಯಲ್ಲಿ ಮಿಣಜಗಿ, ಧಾರವಾಡದಲ್ಲಿ ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ತಂತಮ್ಮ ಶಾಲೆ ಕಟ್ಟಿದರು. ಕಲಾವಿದನೇ ಮಾಸ್ತರನಾಗಿ, ತನ್ನ ದುಡಿಮೆಯಲ್ಲೇ ಶಾಲೆ ನಡೆಸುವ ಈ ದಾರಿಯನ್ನು ಮೊದಮೊದಲು ತುಳಿದವರಲ್ಲಿ ಹಲ್ದಂಕರ್ ಒಬ್ಬರು.

ಇನ್ನು ದೀಪದ ಚಿತ್ರಕ್ಕೆ ಬರೋಣ. ‘ಗ್ಲೋ ಆಫ್ ಹೋಪ್’ ಎಂಬ ಹೆಸರಿನ ಈ ಚಿತ್ರ ತೈಲವರ್ಣದ್ದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ಜಲವರ್ಣ. ತೈಲವರ್ಣದಲ್ಲಿ ತಪ್ಪಾದರೆ ಅದರ ಮೇಲೆ ಮತ್ತೆ ಬಣ್ಣ ಹಚ್ಚಬಹುದು, ಕತ್ತಲ ಮೇಲೆ ಬೆಳಕನ್ನು ಕೂರಿಸಬಹುದು. ಜಲವರ್ಣದಲ್ಲಿ ಬೆಳಕು ಅಂದರೆ ಕಾಗದದ ಬಿಳುಪು. ದೀಪದ ಕುಡಿ ಎಲ್ಲಿ, ಬೆರಳ ಹೊಳಪು ಎಲ್ಲಿ ಅಂತ ಮೊದಲೇ ಗೊತ್ತಿರಬೇಕು, ಆ ಜಾಗ ಕಾಪಾಡಿಕೊಂಡೇ ಸುತ್ತ ಕತ್ತಲು ತುಂಬಬೇಕು. ಒಮ್ಮೆ ಕೆಟ್ಟರೆ ತಿದ್ದೋದು ಬಹಳ ಕಷ್ಟ. ಸುತ್ತಲಿನ ಬೆಳಕು ತಗ್ಗಿಸಿ ನೋಡಿದರೆ ಇವತ್ತಿಗೂ ದೀಪ ಉರಿದಂತೆಯೇ ಕಾಣುತ್ತದಲ್ಲ, ಆ ಚಮತ್ಕಾರದ ಹಿಂದಿರೋದು ಈ ಲೆಕ್ಕಾಚಾರ.

ನಿಂತವಳು ಯಾವ ರಾಣಿಯೂ ಅಲ್ಲ, ಅವರ ಮಗಳು ಗೀತಾ. ದೀಪಾವಳಿ ಹೊತ್ತಿನಲ್ಲಿ ಮಗಳು ದೀಪ ಹಿಡಿದದ್ದು ಕಂಡು ತಂದೆಗೆ ಚಿತ್ರ ಹೊಳೆಯಿತಂತೆ. ಮೂರು ತಾಸು ಹಾಗೇ ನಿಂತಿದ್ದನ್ನು ಆಕೆ ಇಳಿವಯಸ್ಸಿನಲ್ಲೂ ನೆನೆಸಿಕೊಳ್ಳುತ್ತಿದ್ದರು. ಮದುವೆಯಾಗಿ ಗೀತಾ ಉಪಳೇಕರ್ ಆದ ಅವರು 2018ರ ಅಕ್ಟೋಬರ್ 2ರಂದು ಕೊಲ್ಹಾಪುರದಲ್ಲಿ ತೀರಿಕೊಂಡಾಗ ವಯಸ್ಸು 102. ರವಿವರ್ಮ ತೀರಿದ್ದೂ ಅಕ್ಟೋಬರ್ 2ರಂದೇ, 1906ರಲ್ಲಿ. ಅಂದರೆ ಆಕೆ ಹುಟ್ಟೋದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಅವರು ಇರಲಿಲ್ಲ. ವಾದ ಮುಗಿಯೋದಕ್ಕೆ ಇದೊಂದು ಲೆಕ್ಕ ಸಾಕು.

ಹಾಗಾದರೆ ಹೆಸರು ತಪ್ಪಿದ್ದು ಯಾಕೆ? ಅದೇ ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ಮೂಲ ಚಿತ್ರಗಳಿವೆ, ಅದೊಂದು ಕಾರಣ. ಅವರು 1894ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಅಚ್ಚುಕೂಟದಿಂದ ಲಕ್ಷ್ಮಿ, ಸರಸ್ವತಿ ಮನೆಮನೆಗೆ ಬಂದರು. ಸೀರೆಯುಟ್ಟ ಚಂದದ ಹೆಣ್ಣಿನ ಚಿತ್ರ ಅಂದರೆ ರವಿವರ್ಮ ಅಂತ ಜನರ ತಲೆಯಲ್ಲಿ ಕೂತಿತು. ಇದು ಜನರ ತಪ್ಪು ಅನ್ನೋದಕ್ಕೆ ನನಗೆ ಮನಸ್ಸಿಲ್ಲ.

ದೊಡ್ಡ ತಪ್ಪು ಓದಿದವರದ್ದು. ಬಂಗಾಳದಲ್ಲಿ ಅವನೀಂದ್ರನಾಥ ಠಾಕೂರರ ಬಳಗ ಸ್ವದೇಶಿ ಕಲೆಯ ಮಾತೆತ್ತಿದಾಗ, ಜೆ.ಜೆ. ಪದ್ಧತಿ ಬ್ರಿಟಿಷರ ಅನುಕರಣೆ ಅನ್ನಿಸಿಕೊಂಡಿತು. 1947ರಲ್ಲಿ ಮುಂಬೈಯಲ್ಲೇ ಹುಸೇನ್, ಸೂಜಾ, ರಜಾ ಇವರ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಎದ್ದಾಗ ಅದೇ ಪದ್ಧತಿ ಹಳೇ ಸರಕು ಆಯಿತು. ಇವೆರಡೂ ಬೇಕಾದ ಬಂಡಾಯಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡರ ನಡುವೆ, ತಾನು ಕಲಿತ ವಿದ್ಯೆಯನ್ನು ಹುಡುಗರಿಗೆ ದಾಟಿಸುತ್ತಾ ಕೂತ ಮಾಸ್ತರನಿಗೆ ಕಲಾ ಇತಿಹಾಸದಲ್ಲಿ ಸರಿಯಾದ ಜಾಗ ಸಿಗಲಿಲ್ಲ. 1968ರಲ್ಲಿ ಹಲ್ದಂಕರ್ ತೀರಿಕೊಂಡರು. ಚಿತ್ರ ಮನೆಮನೆಯಲ್ಲಿ ಉಳಿಯಿತು, ಕೆಳಗಿನ ಸಹಿಯನ್ನು ಯಾರೂ ಓದಲಿಲ್ಲ.

ಇದು ಬರೀ ಒಂದು ಹೆಸರಿನ ತಕರಾರಲ್ಲ. ಮಾಸ್ತರನನ್ನು ಮರೆತ ಊರು ಮಾಸ್ತರನ ಕೆಲಸವನ್ನೂ ಮರೆಯುತ್ತದೆ. ನಮ್ಮ ಎಷ್ಟೋ ಸರ್ಕಾರಿ ಹೈಸ್ಕೂಲುಗಳಲ್ಲಿ ಇವತ್ತು ಡ್ರಾಯಿಂಗ್ ಮಾಸ್ತರರೇ ಇಲ್ಲ. ಇದ್ದವರು ನಿವೃತ್ತರಾದ ಮೇಲೆ ಆ ಪಿರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ, ಪಾಲಕರೂ ಚಕಾರ ಎತ್ತೋದಿಲ್ಲ. ಚಿತ್ರ ಅನ್ನೋದು ಹುಟ್ಟಿನಿಂದ ಬರುವ ವರ, ಕಲಿಸೋದೇನಿದೆ ಅಂತ ಒಂದು ನಂಬಿಕೆ. ಕಾಗದದ ಬಿಳುಪನ್ನು ಎಲ್ಲಿ ಬಿಡಬೇಕು ಅನ್ನೋದು ವರದಿಂದ ಬರೋದಿಲ್ಲ. ಯಾರೋ ಪಕ್ಕದಲ್ಲಿ ಕೂತು, ನೂರು ಕಾಗದ ಕೆಡಿಸಲು ಬಿಟ್ಟು, ಕಲಿಸಬೇಕು.

ಹೋದ ತಿಂಗಳು ಬೆಟಗೇರಿಯಲ್ಲಿ ಆ ಪಟ ಒಂದಕ್ಕೆ ಕಟ್ಟು ಹಾಕಿಸಿದೆ. ಕೆಳಗೆ ಎಸ್.ಎಲ್. ಹಲ್ದಂಕರ್ ಅಂತ ಬರೆಯಲು ಹೇಳಿದಾಗ ಅಂಗಡಿಯವರು, ಯಾರಿವರು ಅಂತ ಕೇಳಿದರು. ಮುಂಬೈಯ ಒಬ್ಬ ಡ್ರಾಯಿಂಗ್ ಮಾಸ್ತರ, ದೀಪ ಹಿಡಿದವಳು ಅವರ ಮಗಳು ಅಂದೆ. ಅವರು ಪಟವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಗೋಡೆಗೆ ತೂಗುಹಾಕಿದ್ದ ಇನ್ನೆರಡು ಪಟ ಇಳಿಸಿ, ಅವುಗಳ ಹಿಂದೆಯೂ ಅದೇ ಹೆಸರು ಬರೆದಿಟ್ಟರು.