ಪವಿತ್ರನಾಡನ್ನು ಗ್ರಂಥದಂತೆ ಓದಿದ ಸಂತ ಜೆರೋಮ್

ಸೆಪ್ಟೆಂಬರ್ 30 ಸಂತ ಜೆರೋಮರ ಹಬ್ಬದ ದಿನ. ಬೈಬಲ್ ಗ್ರಂಥವನ್ನು ಲ್ಯಾಟಿನ್ ಭಾಷೆಗೆ ತಂದವರು, ಧರ್ಮಸಭೆಯ ಮಹಾಪಂಡಿತರಲ್ಲಿ ಒಬ್ಬರು ಎಂದು ನಾವು ಅವರನ್ನು ಬಲ್ಲೆವು. ಚಿತ್ರಪಟಗಳಲ್ಲಿ ಅವರು ಬಿಳಿಗಡ್ಡದ ಮುದುಕರು. ಎದುರಿಗೆ ತೆರೆದ ಗ್ರಂಥ, ಪಕ್ಕದಲ್ಲಿ ಕಾರ್ಡಿನಲರ ಕೆಂಪು ಟೋಪಿ, ಕಾಲ ಬಳಿ ಒಂದು ಸಿಂಹ. ನಿಜ ಹೇಳಬೇಕೆಂದರೆ ಅವರು ಕಾರ್ಡಿನಲ್ ಆಗಿರಲಿಲ್ಲ. ಸಿಂಹದ ಕಥೆಯೂ ಜೋರ್ಡಾನ್ ನದಿಯ ಬಳಿ ಬಾಳಿದ ಸಂತ ಗೆರಾಸಿಮುಸ್ ಎಂಬ ಇನ್ನೊಬ್ಬ ಸನ್ಯಾಸಿಗೆ ಸೇರಿದ್ದು. ಹೆಸರಿನ ಹೋಲಿಕೆಯಿಂದ ಅದು ಜೆರೋಮರ ಪಾಲಿಗೆ ಬಂತೆಂದು ವಿದ್ವಾಂಸರು ಹೇಳುತ್ತಾರೆ. ಆದರೆ ಈ ಪಟಗಳಲ್ಲಿ ಸಾಮಾನ್ಯವಾಗಿ ಕಾಣಸಿಗದ ಇನ್ನೊಬ್ಬ ಜೆರೋಮರಿದ್ದಾರೆ. ಅವರು ಕತ್ತೆಯ ಮೇಲೆ ಕುಳಿತು, ಊರೂರು ಸುತ್ತಿ, ಬೈಬಲ್ಲಿನ ಸ್ಥಳಗಳನ್ನು ಒಂದೊಂದಾಗಿ ಕೇಳಿ ತಿಳಿದ ಯಾತ್ರಿಕ. ಇಂದು ನಾವು ಅಧ್ಯಯನ ಪ್ರವಾಸ ಎಂದು ಕರೆಯುವುದನ್ನು ಅವರು 1600ಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಮಾಡಿದ್ದರು. ಆ ಜೆರೋಮರನ್ನು ಇಲ್ಲಿ ನೆನೆಯೋಣ.

ರೋಮಿನ ವಿದ್ಯಾರ್ಥಿ

ಜೆರೋಮರು ಸುಮಾರು 347ರಲ್ಲಿ ದಲ್ಮಾತಿಯ ಮತ್ತು ಪನ್ನೋನಿಯ ಪ್ರಾಂತ್ಯಗಳ ಗಡಿಯಲ್ಲಿದ್ದ ಸ್ಟ್ರಿಡೋನ್ ಎಂಬ ಊರಿನಲ್ಲಿ ಹುಟ್ಟಿದರು. ಅನುಕೂಲಸ್ಥ ಕ್ರೈಸ್ತ ಕುಟುಂಬ. ಎಳೆ ವಯಸ್ಸಿನಲ್ಲೇ ಅವರನ್ನು ಓದಲು ರೋಮಿಗೆ ಕಳುಹಿಸಲಾಯಿತು. ಅಲ್ಲಿ ಆ ಕಾಲದ ಹೆಸರಾಂತ ವ್ಯಾಕರಣ ಪಂಡಿತ ದೊನಾತುಸ್ ಅವರ ಗುರು. ಭಾನುವಾರಗಳಲ್ಲಿ ಗೆಳೆಯರೊಡನೆ ನೆಲದಡಿಯ ಸಮಾಧಿ ಗುಹೆಗಳಿಗೆ ಇಳಿದು, ಕತ್ತಲಲ್ಲಿ ತಡವರಿಸುತ್ತಾ ಪ್ರೇಷಿತರ ಮತ್ತು ರಕ್ತಸಾಕ್ಷಿಗಳ ಸಮಾಧಿಗಳನ್ನು ಸಂದರ್ಶಿಸುತ್ತಿದ್ದ ನೆನಪನ್ನು ಅವರು ಮುಪ್ಪಿನಲ್ಲಿ ಬರೆದಿಟ್ಟಿದ್ದಾರೆ. ವಿಶ್ವಾಸದ ಸ್ಥಳವನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಅಲ್ಲಿಯೇ ಮೊಳೆತಿರಬೇಕು. ರೋಮಿನಲ್ಲೇ ಅವರು ಸ್ನಾನದೀಕ್ಷೆ ಪಡೆದರು.

ಸುಮಾರು 373ರಲ್ಲಿ ಅವರು ಪೂರ್ವ ದೇಶಗಳತ್ತ ಹೊರಟು ಸಿರಿಯಾದ ಅಂತಿಯೋಕ್ಯ ನಗರ ತಲುಪಿದರು. ಜೊತೆಗಿದ್ದ ಗೆಳೆಯರಲ್ಲಿ ಇಬ್ಬರು ತೀರಿಕೊಂಡರು, ಜೆರೋಮರೂ ಕಾಯಿಲೆ ಬಿದ್ದರು. ಆ ಜ್ವರದಲ್ಲಿ ಕಂಡ ಒಂದು ಕನಸು ಅವರ ಬಾಳನ್ನು ತಿರುಗಿಸಿತು. ನ್ಯಾಯಾಸನದ ಮುಂದೆ ನಿಂತಾಗ, ನೀನು ಕ್ರಿಸ್ತನವನಲ್ಲ, ಲ್ಯಾಟಿನ್ ವಾಗ್ಮಿ ಸಿಸೆರೋನವನು ಎಂಬ ಆಪಾದನೆ ಅವರ ಮೇಲೆ ಬಂದಿತ್ತು. ಬಳಿಕ ಖಲ್ಕಿಸ್ ಮರುಭೂಮಿಯಲ್ಲಿ ಕೆಲವು ವರ್ಷ ತಪಸ್ಸು ಮಾಡಿದರು. ದುಷ್ಟ ಯೋಚನೆಗಳನ್ನು ಅಡಗಿಸಲು ಅಲ್ಲಿ ಅವರು ಹಿಡಿದ ದಾರಿ ವಿಚಿತ್ರವಾದದ್ದು: ಕ್ರೈಸ್ತನಾಗಿದ್ದ ಒಬ್ಬ ಯೆಹೂದ್ಯನ ಬಳಿ ಹೀಬ್ರೂ ಅಕ್ಷರಾಭ್ಯಾಸ. ಲ್ಯಾಟಿನಿನ ಸೊಗಸಿಗೆ ಒಗ್ಗಿದ ನಾಲಿಗೆಗೆ ಹೀಬ್ರೂ ಉಚ್ಚಾರಣೆ ಕಷ್ಟವಾಯಿತು. ಹಲವು ಬಾರಿ ಬಿಟ್ಟು ಹಲವು ಬಾರಿ ಮರಳಿ ಹಿಡಿದರು.

ರೋಮಿನಿಂದ ನಿರ್ಗಮನ

382ರಲ್ಲಿ ಅವರು ರೋಮಿಗೆ ಮರಳಿದಾಗ ಪೋಪ್ ದಮಾಸಸ್ ಅವರನ್ನು ಕಾರ್ಯದರ್ಶಿಯನ್ನಾಗಿ ಇಟ್ಟುಕೊಂಡರು. ಆಗ ಲ್ಯಾಟಿನ್ ಬೈಬಲ್ಲಿನ ಪ್ರತಿಗಳು ಒಂದರಂತೆ ಒಂದು ಇರಲಿಲ್ಲ. ಗ್ರೀಕ್ ಮೂಲಕ್ಕೆ ಹೋಲಿಸಿ ಶುಭಸಂದೇಶಗಳನ್ನು ತಿದ್ದುವ ಕೆಲಸವನ್ನು ಪೋಪ್ ಅವರಿಗೆ ಒಪ್ಪಿಸಿದರು. ಇದೇ ವೇಳೆ ರೋಮಿನ ಶ್ರೀಮಂತ ಮನೆತನದ ಕೆಲವು ಸ್ತ್ರೀಯರು ಅವರಲ್ಲಿ ಪವಿತ್ರ ಗ್ರಂಥ ಕಲಿಯತೊಡಗಿದರು. ಮಾರ್ಸೆಲ್ಲಾ, ವಿಧವೆ ಪೌಲಾ, ಪೌಲಾಳ ಮಕ್ಕಳಾದ ಬ್ಲೆಸಿಲ್ಲಾ ಮತ್ತು ಯೂಸ್ತೋಕಿಯಮ್ ಇವರಲ್ಲಿ ಮುಖ್ಯರು.

ಸಂತರ ಬಾಳಿನ ನೋವಿನ ಪುಟಗಳನ್ನು ನಾವು ಮುಚ್ಚಿಡಬೇಕಾಗಿಲ್ಲ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿದ್ದ ಬ್ಲೆಸಿಲ್ಲಾ ಜೆರೋಮರ ಮಾತಿನಂತೆ ಕಠಿಣ ಉಪವಾಸದ ಜೀವನ ಕೈಗೊಂಡಳು. ಕೆಲವೇ ತಿಂಗಳಲ್ಲಿ, 384ರಲ್ಲಿ ತೀರಿಕೊಂಡಳು. ಸನ್ಯಾಸಿಗಳೇ ಅವಳನ್ನು ಕೊಂದರೆಂದು ಜನ ಶವಸಂಸ್ಕಾರದಲ್ಲೇ ಗುಲ್ಲೆಬ್ಬಿಸಿದರು. ಕುಸಿದು ಬಿದ್ದ ತಾಯಿಗೆ ಜೆರೋಮರು ಬರೆದ ಪತ್ರದಲ್ಲಿ ಸಾಂತ್ವನದ ಜೊತೆಗೆ ಅತಿಯಾಗಿ ಅತ್ತದ್ದಕ್ಕೆ ಗದರಿಕೆಯೂ ಇದೆ. ಅದನ್ನು ಓದುವಾಗ ಇಂದೂ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಅವರ ನಾಲಿಗೆ ಹರಿತ. ರೋಮಿನ ಯಾಜಕರ ಭೋಗಜೀವನವನ್ನು ಹೀಯಾಳಿಸಿ ಅವರು ಹಲವರ ವೈರ ಕಟ್ಟಿಕೊಂಡಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಪೋಪ್ ದಮಾಸಸ್ ನಿಧನರಾದಾಗ ಆಸರೆಯೂ ತಪ್ಪಿತು. ಪೌಲಾಳ ಜೊತೆಗಿನ ಸ್ನೇಹದ ಬಗ್ಗೆ ಅಪವಾದ ಹಬ್ಬಿತು. 385ರ ಆಗಸ್ಟಿನಲ್ಲಿ ಅವರು ತಮ್ಮನೊಡನೆ ಹಡಗು ಹತ್ತಿದರು.

ಸ್ವಲ್ಪ ಕಾಲದ ನಂತರ ಪೌಲಾ, ಮಗಳು ಯೂಸ್ತೋಕಿಯಮ್ ಜೊತೆ ಹೊರಟಳು. ಬಂದರಿನಲ್ಲಿ ಪುಟ್ಟ ಮಗ ತೊಕ್ಸೋಸಿಯಸ್ ದಡದಿಂದ ಕೈಚಾಚುತ್ತಿದ್ದ. ಮದುವೆಯ ವಯಸ್ಸಿಗೆ ಬಂದಿದ್ದ ಮಗಳು ರೂಫಿನಾ ಮಾತಿಲ್ಲದೆ ಅಳುತ್ತಿದ್ದಳು. ಪೌಲಾ ದಡದ ಕಡೆ ನೋಡದೆ ಮುಖ ತಿರುಗಿಸಿದಳು. ನೋಡಿದ್ದರೆ ಹೋಗಲಾಗುತ್ತಿರಲಿಲ್ಲ. ಕಡಲತಡಿಯಲ್ಲಿ ಬಾಳುವ ನಮಗೆ, ಹಡಗು ಹತ್ತಿ ಹೋದವರನ್ನು ಮನೆಯವರು ನೋಡುತ್ತಾ ನಿಲ್ಲುವುದು ಎಂಥ ಸಂಕಟವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗ್ರಂಥ ಹಿಡಿದು ಯಾತ್ರೆ

ಪೌಲಾಳ ಹಡಗು ರೋದ್ ದ್ವೀಪದ ದಾರಿಯಾಗಿ ಸೈಪ್ರಸಿಗೆ ಬಂತು. ಅಲ್ಲಿ ಸಲಾಮಿಸ್ ನಗರದ ಬಿಷಪ್ ಎಪಿಫಾನಿಯುಸ್ ಅವಳನ್ನು ಹತ್ತು ದಿನ ಉಳಿಸಿಕೊಂಡರು. ವಿಶ್ರಾಂತಿ ಪಡೆಯಬೇಕಾಗಿದ್ದ ಆ ದಿನಗಳಲ್ಲಿ ಅವಳು ದ್ವೀಪದ ಮಠಗಳನ್ನೆಲ್ಲ ಸಂದರ್ಶಿಸಿದಳು. ಅಂತಿಯೋಕ್ಯದಲ್ಲಿ ಜೆರೋಮರ ತಂಡವನ್ನು ಸೇರಿಕೊಂಡಳು. ಯೇಸುಸ್ವಾಮಿಯ ಶಿಷ್ಯರಿಗೆ ಕ್ರೈಸ್ತರು ಎಂಬ ಹೆಸರು ಮೊದಲು ಬಂದದ್ದು ಇದೇ ನಗರದಲ್ಲಿ. ನಡುಚಳಿಗಾಲದಲ್ಲಿ ಎಲ್ಲರೂ ದಕ್ಷಿಣಕ್ಕೆ ಹೊರಟರು. ರೋಮಿನಲ್ಲಿ ಆಳುಗಳು ಹೊತ್ತ ಪಲ್ಲಕ್ಕಿಯಲ್ಲಿ ಓಡಾಡುತ್ತಿದ್ದ ಪೌಲಾ ಇಲ್ಲಿ ಕತ್ತೆಯ ಮೇಲೆ ಪಯಣಿಸಿದಳು.

ಈ ದಾರಿಯ ವಿವರವನ್ನು ಜೆರೋಮರು ಮುಂದೆ ಪೌಲಾಳ ಮರಣಾನಂತರ ಬರೆದ ದೀರ್ಘ ಪತ್ರದಲ್ಲಿ ದಾಖಲಿಸಿದ್ದಾರೆ. ಬೇರೂತ್, ಸೀದೋನ್ ದಾಟಿ ಪ್ರವಾದಿ ಎಲೀಯನ ನೆನಪಿನ ಸರೆಪ್ತಕ್ಕೆ ಬಂದರು. ತೂರ್ ಪಟ್ಟಣದಲ್ಲಿ ಸಂತ ಪೌಲರು ಮೊಣಕಾಲೂರಿ ಪ್ರಾರ್ಥಿಸಿದ್ದ ಮರಳದಂಡೆ ಕಂಡರು. ಕೈಸರೇಯದಲ್ಲಿ ಶತಾಧಿಪತಿ ಕೊರ್ನೇಲಿಯನ ಮನೆ ಆಗಲೇ ಚರ್ಚ್ ಆಗಿತ್ತು. ಫಿಲಿಪ್ಪನ ಮನೆಯನ್ನೂ ಪ್ರವಾದನೆ ಹೇಳುತ್ತಿದ್ದ ಅವನ ನಾಲ್ವರು ಹೆಣ್ಣುಮಕ್ಕಳ ಕೋಣೆಗಳನ್ನೂ ತೋರಿಸುತ್ತಿದ್ದರು. ಲಿದ್ದ, ಯೊಪ್ಪ, ಎಮ್ಮಾವು ದಾಟಿ ಜೆರುಸಲೇಮ್ ಸೇರಿದರು. ಅಲ್ಲಿನ ರೋಮನ್ ಅಧಿಕಾರಿ ಪೌಲಾಳಿಗಾಗಿ ತನ್ನ ಅರಮನೆಯನ್ನು ಸಿದ್ಧಪಡಿಸಿದ್ದನು, ಆಕೆ ಒಂದು ಬಡ ಕೋಣೆಯನ್ನೇ ಆರಿಸಿಕೊಂಡಳು.

ಅರ್ಧ ಶತಮಾನದ ಹಿಂದೆ, 335ರಲ್ಲಿ, ಸಾಮ್ರಾಟ ಕಾನ್‌ಸ್ಟಂಟೈನ್ ಕಟ್ಟಿಸಿದ ಪವಿತ್ರ ಸಮಾಧಿಯ ಚರ್ಚ್ ಅಲ್ಲಿ ಪ್ರತಿಷ್ಠೆಗೊಂಡಿತ್ತು. ಯಾತ್ರಿಕರು ದೂರದ ನಾಡುಗಳಿಂದ ಬರುತ್ತಿದ್ದರು. ಜೆರೋಮರ ತಂಡ ಶಿಲುಬೆಯ ಮುಂದೆ, ಬರಿದಾದ ಸಮಾಧಿಯ ಮುಂದೆ ಪ್ರಾರ್ಥಿಸಿ ಬೆತ್ಲೆಹೇಮಿನ ಗುಹೆಗೆ ಬಂತು. ಮುಂದೆ ಹೆಬ್ರೋನ್, ಯೆರಿಕೋ, ಜೋರ್ಡಾನ್ ನದಿ, ಯಕೋಬನ ಬಾವಿ, ನಜರೇತ್, ಕಾನಾ, ಕಫೆರ್ನವುಮ್, ತಾಬೋರ್ ಬೆಟ್ಟ. ಅಲ್ಲಿಂದ ಈಜಿಪ್ಟಿಗೆ ಹೋಗಿ, ಅಲೆಕ್ಸಾಂದ್ರಿಯದಲ್ಲಿ ಬಾಲ್ಯದಲ್ಲೇ ಕಣ್ಣು ಕಳೆದುಕೊಂಡಿದ್ದ ಮಹಾಪಂಡಿತ ದಿದಿಮುಸರ ಪಾಠಗಳನ್ನು ಜೆರೋಮರು ಕೇಳಿದರು. ನಿತ್ರಿಯ ಮರುಭೂಮಿಯ ಸನ್ಯಾಸಿಗಳನ್ನು ಕಂಡರು. 386ರಲ್ಲಿ ಬೆತ್ಲೆಹೇಮಿಗೆ ಮರಳಿ ಅಲ್ಲಿಯೇ ನೆಲೆ ನಿಂತರು.

ಸ್ಥಳ ತಿಳಿದರೆ ವಚನ ತಿಳಿಯುತ್ತದೆ

ಇಷ್ಟು ಅಲೆದಾಟ ಏತಕ್ಕಾಗಿ? ಭಕ್ತಿ ಮೊದಲನೆಯ ಕಾರಣ. ಎರಡನೆಯದನ್ನು ಅವರೇ ಒಂದು ಮುನ್ನುಡಿಯಲ್ಲಿ ವಿವರಿಸಿದ್ದಾರೆ. ಅಥೆನ್ಸ್ ನಗರ ಕಂಡವನಿಗೆ ಗ್ರೀಕರ ಚರಿತ್ರೆ ಹೇಗೆ ಚೆನ್ನಾಗಿ ಅರ್ಥವಾಗುತ್ತದೋ, ಹಾಗೆಯೇ ಯೂದೇಯ ನಾಡನ್ನು ಕಣ್ಣಾರೆ ಕಂಡು ಊರುಗಳ ಹಳೆಯ ಹೊಸ ಹೆಸರುಗಳನ್ನು ಅರಿತವನಿಗೆ ಪವಿತ್ರ ಗ್ರಂಥ ಹೆಚ್ಚು ಸ್ಪಷ್ಟವಾಗುತ್ತದೆ ಎಂಬುದು ಅವರ ವಾದ. ಆದ್ದರಿಂದಲೇ ಅವರು ನುರಿತ ಯೆಹೂದ್ಯ ಪಂಡಿತರನ್ನು ಜೊತೆಗೆ ಕರೆದುಕೊಂಡು ಆ ನಾಡನ್ನು ಸುತ್ತಿದರು.

ಇದರ ಒಂದು ಫಲ ಸ್ಥಳನಾಮಗಳ ಗ್ರಂಥ. ಕೈಸರೇಯದ ಬಿಷಪ್ ಯುಸೇಬಿಯುಸ್ ಗ್ರೀಕಿನಲ್ಲಿ ಬರೆದಿದ್ದ, ಸುಮಾರು ಸಾವಿರ ಸ್ಥಳಗಳ ಪಟ್ಟಿಯನ್ನು ಜೆರೋಮರು ಲ್ಯಾಟಿನಿಗೆ ತಂದರು. ಬರಿಯ ಭಾಷಾಂತರಕ್ಕೆ ನಿಲ್ಲದೆ, ತಾವು ಕಂಡದ್ದನ್ನು ಸೇರಿಸಿದರು, ಬೇಡವೆನಿಸಿದ್ದನ್ನು ಕೈಬಿಟ್ಟರು. ಯಾವ ಊರು ಯಾವ ದಾರಿಯಲ್ಲಿ ಎಷ್ಟು ಮೈಲಿ ದೂರ ಎಂಬುದು ಅದರಲ್ಲಿದೆ. ಇಂದಿಗೂ ಪ್ರಾಕ್ತನ ಸಂಶೋಧಕರು ಅದನ್ನು ತೆರೆದು ನೋಡುತ್ತಾರೆ.

ದೊಡ್ಡ ಫಲ ಹಳೆಯ ಒಡಂಬಡಿಕೆಯ ಭಾಷಾಂತರ. ಅದುವರೆಗೆ ಲ್ಯಾಟಿನ್ ಬೈಬಲ್ ಗ್ರೀಕ್ ಭಾಷಾಂತರದ ಭಾಷಾಂತರವಾಗಿತ್ತು. ಸುಮಾರು 390ರಿಂದ 405ರವರೆಗೆ ಜೆರೋಮರು ಹೀಬ್ರೂ ಮೂಲದಿಂದಲೇ ಕೆಲಸ ಮಾಡಿದರು. ಒರಿಗೆನ್ ಆರು ಕಂಬಸಾಲುಗಳಲ್ಲಿ ಸಿದ್ಧಪಡಿಸಿದ್ದ ಬೈಬಲ್ ಪಾಠವನ್ನು ಕೈಸರೇಯದ ಗ್ರಂಥಾಲಯದಲ್ಲಿ ಪರಿಶೀಲಿಸಿದರು. ಬಾರನೀನ ಎಂಬ ಯೆಹೂದ್ಯ ಗುರು ತನ್ನವರ ಭಯದಿಂದ ರಾತ್ರಿಯಲ್ಲಿ ಬಂದು ಪಾಠ ಹೇಳುತ್ತಿದ್ದನು. ಪೌಲಾ ಮತ್ತು ಯೂಸ್ತೋಕಿಯಮ್ ಕೂಡ ಹೀಬ್ರೂ ಕಲಿತರು. ಅವರ ಪ್ರಶ್ನೆಗಳೇ ಹಲವು ವ್ಯಾಖ್ಯಾನಗಳಿಗೆ ಕಾರಣವಾದವು. ತೋಬಿತನ ಗ್ರಂಥವನ್ನು ಒಬ್ಬ ದುಭಾಷಿಯ ನೆರವಿನಿಂದ ಒಂದೇ ದಿನದಲ್ಲಿ ಹೇಳಿ ಬರೆಸಿದರು.

ಜನ ಇದನ್ನು ಸುಲಭವಾಗಿ ಒಪ್ಪಲಿಲ್ಲ. ಆಫ್ರಿಕಾದ ಒಂದು ಊರಿನ ಚರ್ಚಿನಲ್ಲಿ ಯೋನನ ಗ್ರಂಥದ ಹೊಸ ಪಾಠ ಓದಿದಾಗ, ಸೋರೆಬಳ್ಳಿ ಎಂದು ಕೇಳಿ ರೂಢಿಯಾಗಿದ್ದ ಜಾಗದಲ್ಲಿ ಬೇರೆ ಬಳ್ಳಿಯ ಹೆಸರು ಬಂತೆಂದು ಗದ್ದಲವೇ ಎದ್ದಿತು. ಬಿಷಪರು ತಮ್ಮ ಸಭೆಯನ್ನೇ ಕಳೆದುಕೊಳ್ಳುವ ಪರಿಸ್ಥಿತಿ ಬಂತೆಂದು ಸಂತ ಅಗಸ್ಟೀನರು 403ರಲ್ಲಿ ಜೆರೋಮರಿಗೆ ಪತ್ರ ಬರೆದರು. ಆದರೂ ಈ ಭಾಷಾಂತರ ನಿಧಾನವಾಗಿ ಬೇರೂರಿತು. ವಲ್ಗೇಟ್ ಎಂದು ಹೆಸರಾದ ಅದನ್ನು 1546ರಲ್ಲಿ ತ್ರೆಂತ್ ಮಹಾಸಭೆ ಅಧಿಕೃತವೆಂದು ಸಾರಿತು.

ಬಾಗಿಲು ತೆರೆದ ಮನೆ

ಬೆತ್ಲೆಹೇಮಿನಲ್ಲಿ ಪೌಲಾಳ ಹಣದಿಂದ ಪುರುಷರಿಗೆ ಒಂದು, ಸ್ತ್ರೀಯರಿಗೆ ಮೂರು ಮಠಗಳು ನಿರ್ಮಾಣವಾದವು. ಯಾತ್ರಿಕರಿಗಾಗಿ ಛತ್ರವೂ ಆಯಿತು. ಮರಿಯಮ್ಮ ಮತ್ತು ಜೋಸೆಫರು ಮತ್ತೆ ಬಂದರೆ ಈ ಊರಿನಲ್ಲಿ ತಂಗಲು ಸ್ಥಳವಿಲ್ಲ ಎನ್ನುವಂತಾಗಬಾರದು ಎಂಬುದು ಅದರ ಹಿಂದಿನ ಭಾವನೆ. ಹಣ ಸಾಲದಾದಾಗ ಜೆರೋಮರು ತಮ್ಮನನ್ನು ಊರಿಗೆ ಕಳುಹಿಸಿ, ದಾಳಿಕೋರರಿಂದ ಅಳಿದುಳಿದ ಪಿತ್ರಾರ್ಜಿತ ಆಸ್ತಿಯನ್ನು ಮಾರಿಸಿದರು. 404ರ ಜನವರಿ 26ರಂದು ಪೌಲಾ ತೀರಿಕೊಂಡಾಗ ಅವಳಲ್ಲಿ ಉಳಿದಿದ್ದದ್ದು ಸಾಲ ಮಾತ್ರ.

410ರಲ್ಲಿ ಗೋಥರು ರೋಮನ್ನು ಸೂರೆಗೊಂಡರು. ನಿನ್ನೆಯವರೆಗೆ ಸಿರಿವಂತರಾಗಿದ್ದವರು ನಿರಾಶ್ರಿತರಾಗಿ ಬೆತ್ಲೆಹೇಮಿನ ಬಾಗಿಲಿಗೆ ಬಂದರು. ಎಜೆಕಿಯೇಲನ ಗ್ರಂಥದ ವ್ಯಾಖ್ಯಾನ ಬರೆಯುತ್ತಿದ್ದ ಜೆರೋಮರು ಅದನ್ನು ಬದಿಗಿಟ್ಟು ಅವರ ಸೇವೆಗೆ ನಿಂತರು. ಗ್ರಂಥದ ಮಾತನ್ನು ಬರೆಯುವುದಕ್ಕಿಂತ ಮಾಡಿ ತೋರಿಸುವ ಕಾಲ ಇದು ಎಂದು ಅವರು ತಿಳಿದರು. 416ರಲ್ಲಿ ಗುಂಪೊಂದು ಮಠಗಳಿಗೇ ಬೆಂಕಿ ಹಚ್ಚಿತು, ಒಬ್ಬ ಧರ್ಮಸೇವಕ ಕೊಲೆಯಾದರು. ಕಣ್ಣು ಮಂಜಾಗಿದ್ದ ಮುದುಕರು ಆಗಲೂ ಬರವಣಿಗೆ ಬಿಡಲಿಲ್ಲ. 420ರ ಸೆಪ್ಟೆಂಬರ್ 30ರಂದು ಅವರು ತೀರಿಕೊಂಡರೆಂದು ಹೇಳಲಾಗುತ್ತದೆ. ಕೊನೆಯ ವರ್ಷಗಳಲ್ಲಿ ಅವರ ಬಳಿ ಇದ್ದವಳು ಅಜ್ಜಿಯ ಹೆಸರನ್ನೇ ಹೊತ್ತ ಕಿರಿಯ ಪೌಲಾ, ಅಂದು ದಡದಲ್ಲಿ ಕೈಚಾಚಿ ನಿಂತಿದ್ದ ತೊಕ್ಸೋಸಿಯಸನ ಮಗಳು.

ಹೋಗಲಾಗದವರಿಗೆ

ನಮ್ಮಲ್ಲಿ ಕೆಲವರು ಪವಿತ್ರನಾಡಿನ ಯಾತ್ರೆ ಮಾಡಿ ಬಂದಿದ್ದಾರೆ. ಹಲವರಿಗೆ ಅದು ಜೀವಮಾನದ ಆಸೆಯಾಗಿಯೇ ಉಳಿದಿದೆ. ಖರ್ಚು, ಅನಾರೋಗ್ಯ, ಅಲ್ಲಿನ ಯುದ್ಧಗಳು ಅಡ್ಡ ಬರುತ್ತವೆ. ಜೆರೋಮರು ಸುಮಾರು 395ರಲ್ಲಿ, ಮುಂದೆ ನೋಲಾದ ಬಿಷಪ್ ಆದ ಪೌಲಿನುಸರಿಗೆ ಬರೆದ ಪತ್ರ ಇಂಥವರಿಗೆ ಸಮಾಧಾನ ನೀಡುತ್ತದೆ. ಆ ನಾಡನ್ನು ಅಷ್ಟು ಪ್ರೀತಿಸಿದ ಅವರೇ, ಜೆರುಸಲೇಮನ್ನು ಕಾಣದ್ದರಿಂದ ವಿಶ್ವಾಸಕ್ಕೆ ಏನೂ ಕೊರತೆಯಾಗದು, ಅಲ್ಲಿ ಇದ್ದುದಕ್ಕಿಂತ ಅಲ್ಲಿ ಹೇಗೆ ಬಾಳಿದೆವು ಎಂಬುದೇ ಮುಖ್ಯ, ಸ್ವರ್ಗದ ಬಾಗಿಲು ಬ್ರಿಟನ್ನಿನಿಂದಲೂ ಅಷ್ಟೇ ಹತ್ತಿರ ಎಂಬ ಅರ್ಥದಲ್ಲಿ ಬರೆದರು. ಮೇಲ್ನೋಟಕ್ಕೆ ಇದು ಅವರ ಹಿಂದಿನ ಮಾತಿಗೆ ವಿರುದ್ಧ. ಆದರೆ ಯೋಚಿಸಿದರೆ ಎರಡೂ ಕೂಡುತ್ತವೆ. ಯಾತ್ರೆ ಗ್ರಂಥವನ್ನು ಅರಿಯಲು ನೆರವಾಗುತ್ತದೆ, ಆದರೆ ಗ್ರಂಥದಂತೆ ಬಾಳುವ ಕೆಲಸವನ್ನು ಯಾತ್ರೆ ನಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ಪೋಪ್ ಫ್ರಾನ್ಸಿಸ್ 2019ರಲ್ಲಿ ಜೆರೋಮರ ಹಬ್ಬದ ದಿನದಂದೇ ದೇವರ ವಾಕ್ಯದ ಭಾನುವಾರವನ್ನು ಘೋಷಿಸಿದರು. ಮರುವರ್ಷ ಜೆರೋಮರ 1600ನೇ ಪುಣ್ಯಸ್ಮರಣೆಗೆ ಪ್ರತ್ಯೇಕ ಪ್ರೇಷಿತ ಪತ್ರವನ್ನು ಹೊರಡಿಸಿದರು. ಹಬ್ಬದ ದಿನ ನಾವು ಒಂದು ಸಣ್ಣ ಕೆಲಸ ಮಾಡಬಹುದು. ಮನೆಯ ಬೈಬಲ್ಲಿನಲ್ಲಿ ನಕ್ಷೆಗಳಿದ್ದರೆ ಆ ಪುಟ ತೆರೆದು, ಅಂದಿನ ವಾಚನದಲ್ಲಿ ಬರುವ ಊರು ಎಲ್ಲಿದೆ ಎಂದು ಮಕ್ಕಳೊಡನೆ ಬೆರಳಿಟ್ಟು ಹುಡುಕೋಣ. ಜೆರೋಮರ ಜೊತೆ ಒಂದು ಹೆಜ್ಜೆ ನಡೆದಂತಾಗುತ್ತದೆ. ಆ ನಡುವೆ ಯಾರಾದರೂ ಬಾಗಿಲು ತಟ್ಟಿದರೆ, ಅವರಂತೆಯೇ ಗ್ರಂಥವನ್ನು ಬದಿಗಿಟ್ಟು ಎದ್ದು ಹೋಗೋಣ.