ನ್ಯಾಯಮೂರ್ತಿಯ ಕಾಲ್ನಡಿಗೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ರಾಜಧಾನಿಯಾದ ವಾಷಿಂಗ್ಟನ್ ನಗರದ ಮಗ್ಗುಲಲ್ಲಿ ಪೊಟೋಮ್ಯಾಕ್ ನದಿಯು ಹರಿಯುತ್ತದೆ. ಆ ನದಿಯ ಎಡದಂಡೆಯ ಗುಂಟ ಹಳೆಯದೊಂದು ಕಾಲುವೆಯಿದೆ. ಕಾಲುವೆಯ ಏರಿಯ ಮೇಲೆ, ಮರಗಳ ನೆರಳಿನಲ್ಲಿ, ಕಾಲುದಾರಿಯೊಂದು ಊರಿಂದೂರಿಗೆ ಸಾಗುತ್ತದೆ. ವರ್ಷವೂ ಲಕ್ಷಾಂತರ ಜನರು ಆ ದಾರಿಯಲ್ಲಿ ಸಂಚರಿಸಿ ಸಂತೋಷಪಡುತ್ತಾರೆ. ಒಂದು ಕಾಲದಲ್ಲಿ ಈ ದಾರಿಯು ಮೋಟಾರು ರಸ್ತೆಯ ಅಡಿಯಲ್ಲಿ ಮರೆಯಾಗಿ ಹೋಗುವುದರಲ್ಲಿತ್ತು. ಅದನ್ನು ಉಳಿಸಿದವರಲ್ಲಿ ಮೊದಲು ನೆನೆಯಬೇಕಾದವರು ಆ ದೇಶದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದ ವಿಲಿಯಂ ಡಗ್ಲಸ್. ಅದಕ್ಕಾಗಿ ಅವರು ಯಾವ ತೀರ್ಪನ್ನೂ ಬರೆಯಲಿಲ್ಲ. ಕಾಲುವೆಯ ಗುಂಟ ನಡೆದರು.

ವಿಲಿಯಂ ಆರ್ವಿಲ್ ಡಗ್ಲಸ್ 1898ನೆಯ ಇಸವಿ ಅಕ್ಟೋಬರ್ 16ರಂದು ಮಿನಿಸೋಟ ರಾಜ್ಯದಲ್ಲಿ ಜನಿಸಿದರು. ತಂದೆ ಕ್ರೈಸ್ತ ಧರ್ಮೋಪದೇಶಕರು. ಎಳೆಯ ವಯಸ್ಸಿನಲ್ಲಿಯೇ ಬಾಲಕನಿಗೆ ತೀವ್ರವಾದ ಕಾಯಿಲೆಯೊಂದು ತಗುಲಿ ಕಾಲುಗಳ ಶಕ್ತಿ ಕುಂದಿತು. ಅದು ಪೋಲಿಯೋ ಎಂದೇ ಅವರು ಮುಂದೆ ನಂಬಿದ್ದರು. ತಾಯಿಯು ಹಗಲಿರುಳು ಮಗನ ಕಾಲುಗಳನ್ನು ತಿಕ್ಕಿ ಉಪಚರಿಸಿದಳು. 1904ರಲ್ಲಿ ತಂದೆ ತೀರಿಕೊಂಡಾಗ ವಿಲಿಯಮನಿಗೆ ಇನ್ನೂ ಆರು ವರ್ಷ ತುಂಬಿರಲಿಲ್ಲ. ಮೂವರು ಮಕ್ಕಳೊಡನೆ ತಾಯಿಯು ದೇಶದ ವಾಯವ್ಯ ಭಾಗದ ವಾಷಿಂಗ್ಟನ್ ರಾಜ್ಯದಲ್ಲಿರುವ ಯಾಕಿಮಾ ಎಂಬ ಊರಿನಲ್ಲಿ ನೆಲೆಸಿದಳು. ಬಡತನವು ಆ ಮನೆಯನ್ನು ಬಿಡದೆ ಕಾಡಿತು. ಮಕ್ಕಳು ತೋಟಗಳಲ್ಲಿ ಹಣ್ಣು ಕೀಳುವ ಕೂಲಿಗೆ ಹೋಗಬೇಕಾಯಿತು.

ವಿಲಿಯಮನ ಕಾಲುಗಳು ಕಡ್ಡಿಯಂತೆ ಸಣ್ಣಗಿದ್ದವು. ಜೊತೆಯ ಹುಡುಗರು ಅದನ್ನು ಕಂಡು ಹಾಸ್ಯ ಮಾಡುತ್ತಿದ್ದರು. ಆ ನೋವನ್ನು ನುಂಗಿಕೊಂಡ ಬಾಲಕನು ಊರಿನ ಸುತ್ತಲಿದ್ದ ಗುಡ್ಡಗಳನ್ನು ಏರಲು ತೊಡಗಿದನು. ಮೊದಮೊದಲು ಸ್ವಲ್ಪ ದೂರ ಹತ್ತುವುದರೊಳಗೆ ಉಸಿರು ಕಟ್ಟುತ್ತಿತ್ತು, ಕಾಲುಗಳು ನಡುಗುತ್ತಿದ್ದವು. ದಿನದಿನವೂ ಬಿಡದೆ ನಡೆದುದರಿಂದ ಅವು ಗಟ್ಟಿಯಾದವು. ಕಾಲಿನ ಬಲಕ್ಕಾಗಿ ಹಿಡಿದ ದಾರಿಯಲ್ಲಿ ಅವನಿಗೆ ಬೆಟ್ಟ, ಹೊಳೆ, ಹೂವು, ಹಕ್ಕಿಗಳ ಗೆಳೆತನವೂ ದೊರೆಯಿತು. ಆ ಗೆಳೆತನವನ್ನು ಅವನು ಕೊನೆಯವರೆಗೂ ಬಿಡಲಿಲ್ಲ.

ವಿದ್ಯಾರ್ಥಿವೇತನದ ನೆರವಿನಿಂದ ಕಾಲೇಜು ಸೇರಿ 1920ರಲ್ಲಿ ಡಗ್ಲಸರು ಪದವಿ ಪಡೆದರು. ಎರಡು ವರ್ಷ ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದು, ನ್ಯಾಯಶಾಸ್ತ್ರವನ್ನು ಓದಬೇಕೆಂದು 1922ರಲ್ಲಿ ನ್ಯೂಯಾರ್ಕಿನತ್ತ ಹೊರಟರು. ರೈಲಿನ ಖರ್ಚಿಗೆ ಸಾಕಷ್ಟು ಹಣವಿರಲಿಲ್ಲವಾದ್ದರಿಂದ ಸರಕು ರೈಲಿನಲ್ಲಿ ಕುರಿಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದು ದೇಶವನ್ನು ದಾಟಿದ ಸಂಗತಿಯನ್ನು ಅವರು ಆತ್ಮಕಥೆಯಲ್ಲಿ ವಿವರಿಸಿದ್ದಾರೆ. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಕಲಿತು, ಅಲ್ಲಿಯೂ ಯೇಲ್ ವಿಶ್ವವಿದ್ಯಾನಿಲಯದಲ್ಲಿಯೂ ಅಧ್ಯಾಪಕರಾದರು. 1937ರಲ್ಲಿ ಷೇರುಪೇಟೆಯ ವ್ಯವಹಾರಗಳನ್ನು ನಿಯಂತ್ರಿಸುವ ಸರ್ಕಾರಿ ಆಯೋಗದ ಅಧ್ಯಕ್ಷರಾದರು. ಅಧ್ಯಕ್ಷ ರೂಸ್‌ವೆಲ್ಟರು 1939ರಲ್ಲಿ ಅವರನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ನೇಮಿಸಿದಾಗ ಅವರ ವಯಸ್ಸು ಕೇವಲ 40 ವರ್ಷ. ಉನ್ನತ ಪದವಿ ದೊರೆತರೂ ನಡೆಯುವ ಅಭ್ಯಾಸವು ತಪ್ಪಲಿಲ್ಲ. ಅವರು ಹಿಮಾಲಯದ ಕಣಿವೆಗಳನ್ನು ದಾಟಿ ಲಡಾಖಿನವರೆಗೂ ಹೋಗಿ ಬಂದು, ಆ ಪ್ರವಾಸವನ್ನು ಕುರಿತು 1952ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ರಾಜಧಾನಿಯಲ್ಲಿರುವಾಗ ಬಿಡುವಿನ ದಿನಗಳಲ್ಲಿ ಅವರ ಪಾದಗಳು ಪೊಟೋಮ್ಯಾಕ್ ತೀರದ ಕಾಲುವೆಯತ್ತ ತಿರುಗುತ್ತಿದ್ದವು.

ಆ ಕಾಲುವೆಯ ಹೆಸರು ಚೆಸಪೀಕ್ ಮತ್ತು ಒಹಾಯೊ ಕಾಲುವೆ. 1828ನೆಯ ಇಸವಿ ಜುಲೈ 4ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸರು ಮೊದಲ ಗುದ್ದಲಿ ಹಾಕಿ ಅದರ ಕೆಲಸವನ್ನು ಆರಂಭಿಸಿದರು. ವಾಷಿಂಗ್ಟನ್ನಿನ ಜಾರ್ಜ್‌ಟೌನಿನಿಂದ ಕಂಬರ್ಲೆಂಡ್ ಎಂಬ ಊರಿನವರೆಗೆ ಅದರ ಉದ್ದ 184.5 ಮೈಲಿ, ಎಂದರೆ ಸುಮಾರು 297 ಕಿಲೋಮೀಟರು. ಎರಡು ಊರುಗಳ ನಡುವೆ ನೆಲವು 600 ಅಡಿಗಳಿಗಿಂತ ಹೆಚ್ಚು ಎತ್ತರಕ್ಕೆ ಏರುತ್ತದೆ. ದೋಣಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೇರಿಸಲು 74 ಕಲ್ಲಿನ ಕಟ್ಟೆಗಳನ್ನು ಕಟ್ಟಿದರು. ಪ್ರತಿಯೊಂದು ಕಟ್ಟೆಗೂ ಹಿಂದೆ ಮುಂದೆ ಬಾಗಿಲುಗಳು. ದೋಣಿಯು ಒಳಗೆ ಬಂದ ಮೇಲೆ ಕೆಳಗಿನ ಬಾಗಿಲನ್ನು ಮುಚ್ಚಿ, ಮೇಲಿನಿಂದ ನೀರನ್ನು ಬಿಟ್ಟರೆ, ಏರುವ ನೀರಿನೊಡನೆ ದೋಣಿಯೂ ಏರುತ್ತಿತ್ತು. ಒಂದೆಡೆ ಬೆಟ್ಟವನ್ನು ಕೊರೆದು 3118 ಅಡಿ ಉದ್ದದ ಸುರಂಗವನ್ನೂ ಮಾಡಿದರು. ಕಲ್ಲಿದ್ದಲು ತುಂಬಿದ ದೋಣಿಗಳನ್ನು ಹೇಸರಗತ್ತೆಗಳು ಏರಿಯ ಮೇಲೆ ನಡೆಯುತ್ತ ಹಗ್ಗದಿಂದ ಎಳೆಯುತ್ತಿದ್ದವು. ಆ ಮೂಕ ಪ್ರಾಣಿಗಳು ತುಳಿದ ಹಾದಿಯೇ ಇಂದಿನ ಕಾಲುದಾರಿ.

ಕಾಲುವೆಯು 1850ರಲ್ಲಿ ಕಂಬರ್ಲೆಂಡನ್ನು ಮುಟ್ಟಿತು. ಅದಕ್ಕೆ ಎಂಟು ವರ್ಷ ಮೊದಲೇ ರೈಲು ಅಲ್ಲಿಗೆ ಬಂದು ಸೇರಿತ್ತು. ರೈಲಿನ ವೇಗದೆದುರು ಹೇಸರಗತ್ತೆಯ ನಡಿಗೆ ಎಷ್ಟು ಕಾಲ ನಿಂತೀತು? ಪದೇ ಪದೇ ಬಂದ ನೆರೆಗಳು ದಂಡೆಗಳನ್ನು ಕೊಚ್ಚಿದವು. 1924ರ ಪ್ರವಾಹದ ತರುವಾಯ ದೋಣಿಗಳ ಸಂಚಾರವು ನಿಂತುಹೋಯಿತು. 1938ರಲ್ಲಿ ಸರ್ಕಾರವು ಕಾಲುವೆಯನ್ನು ಕೊಂಡುಕೊಂಡಿತಾದರೂ ಅದರ ಬಹುಭಾಗವು ಪಾಳುಬಿದ್ದಿತ್ತು. ಆ ಜಾಗದ ಮೇಲೆ ವಿಹಾರಕ್ಕೆ ಅನುಕೂಲವಾದ ಮೋಟಾರು ರಸ್ತೆಯನ್ನು ಹಾಕಬೇಕೆಂಬ ಯೋಜನೆಯೂ ಸಿದ್ಧವಾಯಿತು.

1954ರ ಜನವರಿಯಲ್ಲಿ ರಾಜಧಾನಿಯ ಪ್ರಮುಖ ಪತ್ರಿಕೆಯಾದ ವಾಷಿಂಗ್ಟನ್ ಪೋಸ್ಟ್ ಈ ಯೋಜನೆಯನ್ನು ಸಮರ್ಥಿಸಿ ಸಂಪಾದಕೀಯವನ್ನು ಬರೆಯಿತು. ಅದನ್ನು ಓದಿದ ಡಗ್ಲಸರು ಪತ್ರಿಕೆಗೆ ಕಾಗದವೊಂದನ್ನು ಬರೆದರು. ನಗರದ ಗದ್ದಲಕ್ಕೆ ಇಷ್ಟು ಸಮೀಪದಲ್ಲಿ ಇಷ್ಟು ಪ್ರಶಾಂತವಾದ ತಾಣ ಬೇರೊಂದಿಲ್ಲವೆಂದೂ, ರಸ್ತೆ ಬಂದರೆ ಅದು ಮತ್ತೆ ದೊರೆಯದೆಂದೂ ತಿಳಿಸಿ, ಸಂಪಾದಕರು ತಮ್ಮೊಡನೆ ಕಾಲುವೆಯ ಗುಂಟ ನಡೆದುಬಂದು ಆಮೇಲೆ ತೀರ್ಮಾನಿಸಲೆಂದು ಆಹ್ವಾನಿಸಿದರು. ಪತ್ರಿಕೆಯವರು ಹಿಂಜರಿಯದೆ ಒಪ್ಪಿಕೊಂಡರು. ವಾದಿ ಪ್ರತಿವಾದಿಗಳಿಬ್ಬರೂ ಒಂದೇ ದಾರಿಯಲ್ಲಿ ಜೊತೆಯಾಗಿ ನಡೆಯುವ ಅಪೂರ್ವವಾದ ವ್ಯಾಜ್ಯವಿದು!

ಮಾರ್ಚ್ 20ರಂದು ಕಂಬರ್ಲೆಂಡಿನಿಂದ ಪ್ರಯಾಣವು ಆರಂಭವಾಯಿತು. ಪ್ರಕೃತಿ ತಜ್ಞರು, ಚರಿತ್ರೆಯನ್ನು ಬಲ್ಲವರು, ಪತ್ರಕರ್ತರು ಹೀಗೆ ಹಲವರು ಜೊತೆಗೂಡಿದರು. ಚಳಿ ಇನ್ನೂ ಹಿಂದೆಗೆದಿರಲಿಲ್ಲ. ದಾರಿಯಲ್ಲಿ ಹಿಮವೂ ಬಿದ್ದಿತು. ದಿನಕ್ಕೆ ಇಪ್ಪತ್ತು ಮೈಲಿಗಳಿಗೂ ಮಿಗಿಲಾದ ನಡಿಗೆ. ಪಾದಗಳಲ್ಲಿ ಬೊಬ್ಬೆಗಳೆದ್ದು ಹಲವರು ಹಿಂದುಳಿದರು. 55 ವರ್ಷದ ಡಗ್ಲಸರು ಮಾತ್ರ ಎಲ್ಲರಿಗಿಂತ ಮುಂದೆ ಬಿರುಸಾಗಿ ನಡೆದರು. ಐದು ವರ್ಷಗಳ ಹಿಂದೆ ಕುದುರೆಯಿಂದ ಬಿದ್ದು ಬಹುತೇಕ ಪಕ್ಕೆಲುಬುಗಳನ್ನು ಮುರಿದುಕೊಂಡಿದ್ದವರು ಇವರೇ ಎಂದರೆ ನಂಬುವುದು ಕಷ್ಟ. ಹಳ್ಳಿಹಳ್ಳಿಗಳಲ್ಲಿ ಜನರು ದಾರಿಯ ಬದಿಗೆ ಬಂದು ಅವರನ್ನು ಸ್ವಾಗತಿಸಿದರು. ಎಂಟನೆಯ ದಿನ ವಾಷಿಂಗ್ಟನ್ ಸೇರಿದಾಗ ಪೂರ್ಣ ದೂರವನ್ನು ನಡೆದವರು ಒಂಬತ್ತು ಮಂದಿ ಮಾತ್ರ.

ಕಣ್ಣಾರೆ ಕಂಡ ಸಂಪಾದಕರು ತಮ್ಮ ನಿಲುವನ್ನು ತಿದ್ದಿಕೊಂಡರು. ಕಾಲುವೆಯ ಬಹು ಭಾಗಗಳು ಇದ್ದಂತೆಯೇ ಉಳಿಯಬೇಕೆಂದು ಪತ್ರಿಕೆಯು ಬರೆಯಿತು. ಆದರೆ ಕೆಲಸವು ಅಲ್ಲಿಗೇ ಮುಗಿಯಲಿಲ್ಲ. ಡಗ್ಲಸರೂ ಅವರ ಸಂಗಡಿಗರೂ ಸಮಿತಿಯೊಂದನ್ನು ರಚಿಸಿ ವರ್ಷಗಟ್ಟಲೆ ಶ್ರಮಿಸಿದರು. 1961ರಲ್ಲಿ ಕಾಲುವೆಗೆ ರಾಷ್ಟ್ರೀಯ ಸ್ಮಾರಕದ ಮನ್ನಣೆ ದೊರೆಯಿತು. 1971ನೆಯ ಇಸವಿ ಜನವರಿ 8ರಂದು ಅದು ಕಾನೂನಿನ ಮೂಲಕ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ನಡಿಗೆಗೂ ಈ ಕಾನೂನಿಗೂ ನಡುವೆ ಸುಮಾರು ಹದಿನೇಳು ವರ್ಷಗಳು ಕಳೆದಿದ್ದವು.

ಡಗ್ಲಸರು ದೋಷರಹಿತರಾಗಿರಲಿಲ್ಲ. ಅವರ ಒರಟು ನಡವಳಿಕೆಯಿಂದ ಕೈಕೆಳಗಿನವರು ನೊಂದದ್ದುಂಟು. ಅವರನ್ನು ಪದವಿಯಿಂದ ಇಳಿಸಬೇಕೆಂದು ರಾಜಕೀಯ ವಿರೋಧಿಗಳು ನಡೆಸಿದ ಪ್ರಯತ್ನಗಳು ಫಲಿಸಲಿಲ್ಲ. ತಮಗೆ ಸರಿಕಂಡದ್ದನ್ನು ಒಂಟಿಯಾಗಿಯಾದರೂ ಹೇಳುವುದು ಅವರ ಸ್ವಭಾವ. 1972ರಲ್ಲಿ ಪರ್ವತ ಪ್ರದೇಶವೊಂದಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ನದಿ, ಮರ, ಕಣಿವೆಗಳ ಹೆಸರಿನಲ್ಲಿಯೂ ನ್ಯಾಯ ಕೇಳಲು ಅವಕಾಶವಿರಬೇಕೆಂದು ಅವರು ಭಿನ್ನ ಅಭಿಪ್ರಾಯವನ್ನು ದಾಖಲಿಸಿದರು. ಅಂದು ಆ ಅಭಿಪ್ರಾಯಕ್ಕೆ ಬಹುಮತ ದೊರೆಯಲಿಲ್ಲ. ಆದರೂ ಪರಿಸರವನ್ನು ಕುರಿತು ಯೋಚಿಸುವವರು ಅದನ್ನು ಇಂದಿಗೂ ಸ್ಮರಿಸುತ್ತಾರೆ.

1974ರ ಕೊನೆಯ ದಿನ ಅವರಿಗೆ ಪಾರ್ಶ್ವವಾಯು ಬಡಿಯಿತು. ನಡಿಗೆಯಿಂದಲೇ ಬಾಳನ್ನು ಕಟ್ಟಿಕೊಂಡವರು ಗಾಲಿಕುರ್ಚಿಯನ್ನು ಆಶ್ರಯಿಸಬೇಕಾಯಿತು. 1975ರಲ್ಲಿ ನಿವೃತ್ತರಾಗುವ ವೇಳೆಗೆ ಅವರು 36 ವರ್ಷಗಳಿಗೂ ಹೆಚ್ಚು ಕಾಲ ನ್ಯಾಯಪೀಠದಲ್ಲಿದ್ದರು. ಆ ನ್ಯಾಯಾಲಯದ ಇತಿಹಾಸದಲ್ಲಿ ಅಷ್ಟು ದೀರ್ಘಕಾಲ ಸೇವೆ ಸಲ್ಲಿಸಿದವರು ಆವರೆಗೆ ಬೇರೊಬ್ಬರಿರಲಿಲ್ಲ. 1977ರಲ್ಲಿ ಕಾಲುವೆಯ ಉದ್ಯಾನವನ್ನು ಅವರ ಹೆಸರಿಗೆ ಅರ್ಪಿಸಲಾಯಿತು. 1980ನೆಯ ಇಸವಿ ಜನವರಿ 19ರಂದು ಅವರು ನಿಧನ ಹೊಂದಿದರು.

ಜಾರ್ಜ್‌ಟೌನಿನಲ್ಲಿ, ಕಾಲುವೆಯ ಪಕ್ಕದಲ್ಲಿ, ಡಗ್ಲಸರ ಎದೆಮಟ್ಟದ ಪ್ರತಿಮೆಯೊಂದಿದೆ. ಅದರ ಬಳಿಯಿಂದ ಕಾಲುದಾರಿಯು ಹಳೆಯ ಕಲ್ಲುಕಟ್ಟೆಗಳನ್ನೂ ಸುರಂಗವನ್ನೂ ಹಾಯ್ದು ಕಂಬರ್ಲೆಂಡಿನವರೆಗೆ ಹೋಗುತ್ತದೆ. ನಡೆಯಲಾರದ ಕಾಲುಗಳೆಂದು ಒಮ್ಮೆ ನಗೆಗೀಡಾದ ಬಾಲಕನೊಬ್ಬನ ನಡಿಗೆಯಿಂದಾಗಿ ಆ ದಾರಿಯು ನಡೆಯುವವರಿಗೆ ಉಳಿದಿದೆ.